ಎಂಜಿನ್ ಕಟ್ಟಿಸಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಎಚ್ಚರಿಸಿದ ಕಾಲದಲ್ಲಿ ಮೋಟಾರು ಗಾಡಿಯಿರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತು. ಮನೆ ಕಟ್ಟಿದವನಿಗೆ ಕೊನೆಗೊಂದು ಸೂರು ದಕ್ಕುತ್ತದೆ. ಮದುವೆ ಮಾಡಿದವನಿಗೆ ಬೀಗರಾದರೂ ದಕ್ಕುತ್ತಾರೆ. ಹಳೆಯ ಕಾರಿಗೆ ವೇಗದ ಎಂಜಿನ್ ಕಟ್ಟಿಸಹೊರಟವನಿಗೆ ದಕ್ಕುವುದೇನು? ಬಸವನಗುಡಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯ ಲೆಕ್ಕದ ಪುಸ್ತಕ ಅದನ್ನು ಹೇಳಬಲ್ಲದು.

ಕಾರು ಅವರ ತಂದೆಯದು. ೧೯೬೬ರ ಫಿಯೆಟ್ ೧೧೦೦. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ತಯಾರಿಸಿದ್ದು. ಮುಂದೆ ಪದ್ಮಿನಿಯೆಂಬ ಹೆಸರಿನಿಂದ ಮನೆಮಾತಾದದ್ದು ಇದೇ ಗಾಡಿ. ನಾಲ್ಕು ಸಿಲಿಂಡರುಗಳು, ೧೦೮೯ ಸಿ.ಸಿ., ಸುಮಾರು ೪೦ ಅಶ್ವಶಕ್ತಿ. ಸಂಸಾರವನ್ನು ಹೊತ್ತು ತಿರುಪತಿಗೆ ಹೋಗಿಬರಲು ಅಷ್ಟು ಸಾಕಾಗಿತ್ತು. ಆದರೆ ೧೯೭೦ರ ದಶಕದಲ್ಲೊಮ್ಮೆ ತಂದೆಯವರು ಹುಡುಗನನ್ನು ಮದರಾಸಿನ ಸಮೀಪದ ಶೋಳಾವರಂಗೆ ಕರೆದೊಯ್ದರು. ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ಅಲ್ಲಿ ಕಾರುಗಳ ಪಂದ್ಯ ನಡೆಯುತ್ತಿತ್ತು. ಮೈಮೇಲೆ ಅಂಕಿ ಬರೆಸಿಕೊಂಡ ಫಿಯೆಟ್ ಒಂದು ಕಿವಿಗಡಚಿಕ್ಕುವಂತೆ ಮೊರೆಯುತ್ತ ಎದುರಿನಿಂದ ಹಾದುಹೋಯಿತು. “ನಮ್ಮದೂ ಹೀಗೆ ಓಡಬಲ್ಲದು. ಎಂಜಿನ್ ಕಟ್ಟುವವನು ಸಿಗಬೇಕು, ಅಷ್ಟೆ,” ಎಂದರು ತಂದೆ. ಆ ಮಾತು ಹುಡುಗನ ಮನಸ್ಸಿನಲ್ಲಿ ಐವತ್ತು ವರ್ಷ ಉಳಿಯಿತು.

ಕಟ್ಟುವವರೂ ಸಿಕ್ಕರು. ಜೆ.ಸಿ. ರಸ್ತೆಯ ಹಿಂದಣ ಗಲ್ಲಿಯೊಂದರಲ್ಲಿ ಗ್ಯಾರೇಜು ನಡೆಸುವ ವೃದ್ಧ ಸಾಬರು ಬಿಡಿಭಾಗದ ಡಬ್ಬಿಯ ರಟ್ಟನ್ನು ಹರಿದು, ಅದರ ಹಿಂಬದಿಯಲ್ಲಿ ಅಂದಾಜು ಬರೆದುಕೊಟ್ಟರು. ಸಿಲಿಂಡರನ್ನು ೬೮ ಮಿಲಿಮೀಟರಿನಿಂದ ೭೦ಕ್ಕೆ ಹಿಗ್ಗಿಸಿ ಹೊಸ ಪಿಸ್ಟನ್ ಹಾಕುವುದು, ತಲೆಭಾಗದ ಗಾಳಿಯ ದಾರಿಗಳನ್ನು ಉಜ್ಜಿ ಅಗಲಿಸುವುದು, ಕ್ಯಾಮ್ ದಂಡವನ್ನು ಬೇರೆ ಅಳತೆಗೆ ಸಾಣೆಹಿಡಿಸುವುದು, ಜೋಡಿ ಕಾರ್ಬ್ಯುರೇಟರ್, ತೂಕ ಸರಿದೂಗಿಸಿದ ಕ್ರ್ಯಾಂಕ್. ಒಟ್ಟು ಮೂರೂವರೆ ಲಕ್ಷ ರೂಪಾಯಿ.

ಯಜಮಾನರು ರಟ್ಟನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ನಿವೃತ್ತಿಯಲ್ಲಿ ಬಂದ ಹಣದ ಠೇವಣಿಯೊಂದು ಅದೇ ತಿಂಗಳು ಕೈಗೆ ಬರುವುದಿತ್ತು. ಅವರ ಪತ್ನಿ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಬೇಡವೆನ್ನಲಿಲ್ಲ, ಪೆನ್ಸಿಲ್ ತೆಗೆದುಕೊಂಡರು.

“ಏನೂಂದ್ರೆ, ಎರಡು ಮಿಲಿಮೀಟರ್ ಹಿಗ್ಗಿಸಿದರೆ ಹೆಚ್ಚುವುದು ೬೫ ಸಿ.ಸಿ. ಮಾತ್ರ. ನೂರಕ್ಕೆ ಆರು. ಉಳಿದ ಬಲ ಎಲ್ಲಿಂದ ಬರುತ್ತದೆ?”

ಆ ಪ್ರಶ್ನೆಗೆ ಸಾಬರು ಮರುದಿನ ಉತ್ತರ ಕೊಟ್ಟರು. ಉಳಿದ ಬಲ ಬರುವುದು ಎಂಜಿನ್ನು ಹೆಚ್ಚು ವೇಗವಾಗಿ ಸುತ್ತುವುದರಿಂದ. ನಿಮಿಷಕ್ಕೆ ೪,೮೦೦ ಸುತ್ತು ತಿರುಗುವುದಕ್ಕೆ ಹುಟ್ಟಿದ್ದನ್ನು ೬,೦೦೦ಕ್ಕೆ ಏರಿಸಬೇಕು. ಸುತ್ತು ಏರಿದ್ದು ಕಾಲುಭಾಗವಾದರೂ ಪಿಸ್ಟನ್ನಿನ ಜಗ್ಗಾಟ ಏರುವುದು ವರ್ಗದ ಲೆಕ್ಕದಲ್ಲಿ; ಕನೆಕ್ಟಿಂಗ್ ರಾಡಿನ ಮೇಲೆ ಒಂದೂವರೆ ಪಟ್ಟಿಗೂ ಮಿಕ್ಕ ಎಳೆತ ಬೀಳುತ್ತದೆ. ಆದ್ದರಿಂದ ರಾಡುಗಳೂ ಹೊಸವಾಗಬೇಕು, ಬೋಲ್ಟುಗಳೂ ಹೊಸವಾಗಬೇಕು. ಹೆಚ್ಚಿದ ಬಿಸಿಯನ್ನು ಹಳೆಯ ರೇಡಿಯೇಟರ್ ತಾಳದು. ಹೆಚ್ಚಿದ ಬಲವನ್ನು ಹಳೆಯ ಕ್ಲಚ್ಚು, ಗೇರ್‌ಬಾಕ್ಸು ಹೊರಲಾರವು. ನಾಲ್ಕು ಗಾಲಿಗಳಲ್ಲಿಯೂ ಡ್ರಮ್ ಬ್ರೇಕ್. ಗಂಟೆಗೆ ೮೦ ಕಿಲೋಮೀಟರ್ ವೇಗದ ಗಾಡಿ ೧೨೦ಕ್ಕೆ ಹೋದರೆ ನಿಲ್ಲಿಸುವಾಗ ಬ್ರೇಕುಗಳು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಮೂರೂವರೆ ಲಕ್ಷ ಹೀಗೆ ಆರು ಲಕ್ಷವಾಯಿತು. ಮನೆಗೆ ಬಂದ ಹೊಸ ಸೊಸೆಗಾಗಿ ಗೋಡೆಗೆ ಬಣ್ಣ, ಬಣ್ಣಕ್ಕೆ ತಕ್ಕ ಪರದೆ, ಪರದೆಗೆ ತಕ್ಕ ಕುರ್ಚಿ ಕೊಂಡಂತೆ!

“ಇಷ್ಟೆಲ್ಲ ಮಾಡಿ ಬಲ ಎರಡರಷ್ಟಾಯಿತು ಅನ್ನಿ,” ಎಂದರು ಆಕೆ. “ಗಾಳಿಯನ್ನು ಸೀಳಲು ಬೇಕಾದ ಬಲ ವೇಗದ ಘನದಂತೆ ಏರುತ್ತದೆ. ಎರಡರ ಘನಮೂಲ ೧.೨೬. ಗರಿಷ್ಠ ವೇಗ ಹೆಚ್ಚುವುದು ಕಾಲುಭಾಗ. ಅದನ್ನೂ ಓಡಿಸುವುದು ಎಲ್ಲಿ? ಗಾಂಧಿಬಜಾರಿನಲ್ಲೋ?”

ಯಜಮಾನರು ನಕ್ಕರು, ಆದರೆ ಆಸೆ ಕರಗಲಿಲ್ಲ. ಕಾನೂನೂ ಅಡ್ಡ ನಿಂತಿತು. ಐವತ್ತು ವರ್ಷ ಮೀರಿದ, ಮೂಲರೂಪ ಕಳೆದುಕೊಳ್ಳದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ೨೦೨೧ರ ಕೇಂದ್ರ ನಿಯಮಗಳಿಂದ ದೊರೆಯುವಂತಾಗಿದೆ. ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿದರೆ ಆ ಗೌರವಕ್ಕೆ ಎರವಾಗಬೇಕು. ಆಗಲಿ, ಎಂದುಕೊಂಡರು ಅವರು. ಗೌರವ ಯಾರಿಗೆ ಬೇಕು? ಆ ಮೊರೆತವನ್ನು ಒಮ್ಮೆ ಕೇಳಬೇಕು.

ಎಂಜಿನ್ ಬಿಚ್ಚಿದ ದಿನ ಸಾಬರು ಸಿಲಿಂಡರಿನೊಳಗೆ ಅಳತೆಯ ಸಲಕರಣೆಯನ್ನಿಳಿಸಿ, ಬಹಳ ಹೊತ್ತು ಮಾತಾಡಲಿಲ್ಲ.

“ಸಾರ್, ಇದು ೬೮ ಅಲ್ಲ. ಆಗಲೇ ೬೯. ಯಾರೋ ಒಂದು ಸಲ ಕೊರೆಸಿದ್ದಾರೆ. ಇನ್ನೂ ಕೊರೆದರೆ ಗೋಡೆ ತೆಳ್ಳಗಾಗುತ್ತೆ. ಕಡೆದ ಕಬ್ಬಿಣ ಮತ್ತೆ ಬೆಳೆಯೋದಿಲ್ಲ.”

ಆ ರಾತ್ರಿ ಯಜಮಾನರು ಅಟ್ಟದಿಂದ ತಂದೆಯವರ ಹಳೆಯ ಲೆಕ್ಕದ ಪುಸ್ತಕವನ್ನಿಳಿಸಿದರು. ೧೯೭೮ರ ಪುಟದಲ್ಲಿ, ದುಂಡನೆಯ ಅಕ್ಷರದಲ್ಲಿ, ‘ಕಾರಿನ ಎಂಜಿನ್ ಬೋರ್ ಮಾಡಿಸಿದ್ದು, ಪಿಸ್ಟನ್ ಹೊಸದು’ ಎಂದಿತ್ತು. ಅದರ ಕೆಳಗೇ ಇನ್ನೊಂದು ಸಾಲು: ‘ಕಾಶಿಯಾತ್ರೆ, ಮುಂದಿನ ವರ್ಷ.’ ಯಜಮಾನರು ೧೯೭೯ರ ಪುಟಗಳನ್ನು ತಿರುವಿದರು. ೮೦, ೮೧, ೮೨. ಹಾಲು, ಶಾಲೆಯ ಶುಲ್ಕ, ವೈದ್ಯರಿಗೆ ಕೊಟ್ಟದ್ದು, ಪೆಟ್ರೋಲು. ಕಾಶಿಯ ಮಾತು ಮತ್ತೆಲ್ಲಿಯೂ ಇರಲಿಲ್ಲ. ತಾಯಿ ಕಾಶಿಯನ್ನು ನೋಡದೆಯೇ ತೀರಿಕೊಂಡಿದ್ದರು. ಅದಕ್ಕಾಗಿ ಆಕೆ ಒಮ್ಮೆಯೂ ಯಾರನ್ನೂ ದೂರಿದ್ದು ಅವರಿಗೆ ನೆನಪಿಲ್ಲ. ಗೊಣಗದವರ ಪಾಲು ಎಷ್ಟೆಂದು ಯಾವ ಮೆಕ್ಯಾನಿಕ್ಕನ ಅಂದಾಜಿನಲ್ಲಿಯೂ ಬರೆದಿರುವುದಿಲ್ಲ.

ಪತ್ನಿ ಪಕ್ಕದಲ್ಲಿ ನಿಂತು ಆ ಸಾಲನ್ನೋದಿದರು. ಏನೂ ಅನ್ನದೆ ಒಳಗೆ ಹೋಗಿ ಅಡಿಗೆಮನೆಯ ದೀಪ ಆರಿಸಿ ಬಂದರು.

ಬೆಳಿಗ್ಗೆ ಯಜಮಾನರು ಗ್ಯಾರೇಜಿಗೆ ಹೋದರು. “ಸಾಬರೇ, ಒಳಗೊಳವೆ ಕೂರಿಸಿ ಮತ್ತೆ ೬೮ಕ್ಕೆ ತನ್ನಿ. ಕ್ರ್ಯಾಂಕಿನ ತೂಕ ಮಾತ್ರ ಸರಿದೂಗಿಸಿಬಿಡಿ.” ಸಾಬರು ತಲೆದೂಗಿದರು. ಅದರಿಂದ ವೇಗ ಒಂದು ಗುಂಜಿಯೂ ಹೆಚ್ಚುವುದಿಲ್ಲ, ನಡುಕ ಕಡಿಮೆಯಾಗುತ್ತದೆ. ಆರು ಲಕ್ಷದ ಜಾಗದಲ್ಲಿ ಲಕ್ಷಕ್ಕೂ ಕಡಿಮೆ ಮೊತ್ತದಲ್ಲಿ ಕೆಲಸ ಮುಗಿಯಿತು.

ಈಗ ಭಾನುವಾರ ಬೆಳಗಿನಲ್ಲಿ ಕಾರು ಲಾಲ್‌ಬಾಗಿನ ಸುತ್ತ ಸದ್ದಿಲ್ಲದೆ ಒಂದು ಸುತ್ತು ಬರುತ್ತದೆ. ಶೋಳಾವರಂನ ಆ ಮೊರೆತ ಕೇಳಲಿಲ್ಲವೆಂಬ ಕೊರಗು ಯಜಮಾನರಿಗೆ ಇಲ್ಲವೆಂದಲ್ಲ. ಅಂದಾಜಿನ ರಟ್ಟನ್ನು ಅವರು ಹರಿದುಹಾಕಿಲ್ಲ. ೧೯೭೮ರ ಪುಟದಲ್ಲಿ ಮಡಿಸಿಟ್ಟಿದ್ದಾರೆ. ತಮ್ಮ ಪುಸ್ತಕದಲ್ಲಿ ಎಂಜಿನ್ನಿನ ಖರ್ಚನ್ನು ಬರೆದು ಮುಗಿಸಿದ ದಿನ ಅದರ ಕೆಳಗೆ ‘ಕಾಶಿಯಾತ್ರೆ’ ಎಂದು ಬರೆದು, ಲೇಖನಿಯನ್ನು ಎತ್ತಿಹಿಡಿದೇ ಒಳಗಿನವರನ್ನು ಕೂಗಿ ಕೇಳಿದರು:

“ಕಾರ್ತಿಕಕ್ಕೋ, ಮಾಘಕ್ಕೋ?”