ಅಮೃತಾಪುರದ ಅಕ್ಷರಗಳೂ ನಮ್ಮ ಫೋನಿನ ಕ್ಯಾಮರಾವೂ

ಕಡೂರಿನಲ್ಲಿ ನಮಗೆ ಹಿರಿಯ ಮಿತ್ರರೊಬ್ಬರುಂಟು. ವಯಸ್ಸಿನಲ್ಲಿ ನಮಗಿಂತ ಹದಿನೈದು ವರ್ಷ ದೊಡ್ಡವರು. ಒಂದೇ ಶಾಲೆಯಲ್ಲಿ ಅವರು ಕನ್ನಡವನ್ನೂ ನಾವು ಸಂಸ್ಕೃತವನ್ನೂ ಕೆಲವು ಕಾಲ ಬೋಧಿಸಿದೆವು. ಅಮೃತಾಪುರದ ದೇವಾಲಯದಲ್ಲಿ ನಿಂತಿರುವ ಜನ್ನಕವಿಯ ಶಾಸನವನ್ನು ಕಲ್ಲಿನ ಮೇಲೆಯೇ ಓದಬೇಕೆಂಬುದು ಈ ಪಂಡಿತರ ಬಹುದಿನದ ಆಸೆ. ಅಚ್ಚಿನಲ್ಲಿ ಓದಲು ಸಿಕ್ಕದೆಂದಲ್ಲ. ರೈಸ್ ಸಾಹೇಬರು ೧೯೦೧ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟವು ಈ ಸೀಮೆಯ ಶಾಸನಗಳಿಗೇ ಮೀಸಲಾದುದು. ಆಗ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಆದರೆ, “ಅಚ್ಚಿನಲ್ಲಿ ಓದುವುದೆಂದರೆ ಕಾಗದ ಓದಿಸಿ ಕೇಳಿದಂತೆ, ಕಲ್ಲಿನಲ್ಲಿ ಓದುವುದೆಂದರೆ ಮುಖ ನೋಡಿ ಮಾತನಾಡಿದಂತೆ” ಎಂದು ಅವರು ಹೇಳುತ್ತಿದ್ದರು. ಇಂದು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಕಾಲವು ಸಂದುಹೋಯಿತು. ಕಳೆದ ವರ್ಷ ಅವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಈಗ ಮಂಚವೇ ಅವರ ಲೋಕ.

“ಮೇಷ್ಟ್ರೇ, ನೀವಾದರೂ ಹೋಗಿ ಅದರದೊಂದು ಪಟ ತೆಗೆದುಕೊಂಡು ಬನ್ನಿ, ನಿಮ್ಮ ಜೇಬಿನಲ್ಲಿಯೇ ಕ್ಯಾಮರಾ ಇದೆಯಲ್ಲ” ಎಂದರು. ನಾವು ಒಪ್ಪಿಕೊಂಡೆವು.

ಮಾಘಮಾಸದಲ್ಲಿ ಒಂದು ದಿನ ಕಡೂರಿನಲ್ಲಿ ರೈಲು ಹತ್ತಿದೆವು. ಬೀರೂರಿನಲ್ಲಿ ಹಳಿಯು ಎರಡಾಗಿ ಕವಲೊಡೆಯುವುದು. ಒಂದು ಅಜ್ಜಂಪುರದ ಮೇಲೆ ಹರಿಹರದ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಕಡೂರಿನ ತೆಂಗಿನ ತೋಟಗಳೂ ಒಣಹೊಲಗಳೂ ಹಿಂದೆ ಸರಿದಂತೆ ಎಡಗಡೆ ಬಾಬಾಬುಡನ್‌ಗಿರಿಯ ಸಾಲು ನೀಲಿಯಾಗಿ ತೋರಿತು. ತರೀಕೆರೆಯೆಂದರೆ ಮಲೆನಾಡಿನ ಹೊಸ್ತಿಲು. ಅಡಿಕೆತೋಟದ ತಂಪು ಅಲ್ಲಿಂದಲೇ ಮೊದಲಾಗುವುದು. ಅಲ್ಲಿ ಆಟೋ ಹಿಡಿದು ಮಧ್ಯಾಹ್ನದ ವೇಳೆಗೆ ಅಮೃತಾಪುರವನ್ನು ಸೇರಿದೆವು.

ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯವಿದು. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಬರಬರುತ್ತ ಗಟ್ಟಿಯಾಗುವುದು. ಬಳಪ ಹಿಡಿಸಿ ಮಕ್ಕಳಿಗೆ ಅಕ್ಷರ ಕಲಿಸಿದ ನಮ್ಮಂಥವರಿಗೆ ಆ ಹೆಸರೇ ಪ್ರಿಯ. ಮುಖಮಂಟಪದ ಪಕ್ಕದಲ್ಲಿ ಶಾಸನವು ನಿಂತಿದೆ. ನಾವು ಫೋನನ್ನು ಎತ್ತಿ ಹಿಡಿದು ಹತ್ತೆಂಟು ಚಿತ್ರಗಳನ್ನು ಪಟಪಟನೆ ತೆಗೆದು ಸಂತೋಷದಿಂದ ಹಿಂತಿರುಗಿದೆವು. ಆ ರಾತ್ರಿಯೇ ವಾಟ್ಸಾಪಿನಲ್ಲಿ ಪಂಡಿತರಿಗೆ ಕಳುಹಿಸಿದೆವು.

ಮರುದಿನ ಅವರ ಮನೆಗೆ ಹೋದಾಗ ಅವರು ಕನ್ನಡಕವನ್ನು ತೆಗೆದು ಒರೆಸುತ್ತಿದ್ದರು. “ಮೇಷ್ಟ್ರೇ, ಶಾಸನಕ್ಕೆ ಯಾರಾದರೂ ಸುಣ್ಣ ಬಳಿದಿದ್ದಾರೆಯೆ?” ಎಂದು ಮೆಲ್ಲಗೆ ಕೇಳಿದರು. ನಾವು ನೋಡಿದೆವು. ಕಲ್ಲು ನಯವಾಗಿ ಬೆಳಗುತ್ತಿತ್ತು. ಅಕ್ಷರವಿರಬೇಕಾದೆಡೆಯಲ್ಲಿ ಮಸಕು ಮಸಕಾದ ಗೀಟುಗಳು. ದೊಡ್ಡದು ಮಾಡಿ ನೋಡಿದಷ್ಟೂ ಮೇಣದಂತೆ ಕರಗುತ್ತಿದ್ದುವು. ಅವರು ಮತ್ತೇನೂ ಅನ್ನಲಿಲ್ಲ. ಆ ಮೌನದಿಂದ ನಮಗೆ ಬಹಳ ವ್ಯಥೆಯಾಯಿತು.

ಮನೆಗೆ ಬಂದು ಕಿರಿಯ ಮಗಳ ಮುಂದೆ ಹೇಳಿಕೊಂಡೆವು. ಅವಳು ನಕ್ಕು, “ಅಪ್ಪ, ತಪ್ಪು ನಿಮ್ಮ ಕಣ್ಣಿನದಲ್ಲ. ನೀವು ಎಲ್ಲವನ್ನೂ ಫೋನಿನ ಇಷ್ಟಕ್ಕೆ ಬಿಟ್ಟಿರಿ” ಎಂದಳು. ಅವಳು ವಿವರಿಸಿದ್ದರ ಸಾರವಿದು: ತಾನಾಗಿಯೇ ನಡೆಯುವ ಕ್ರಮದಲ್ಲಿ ಫೋನು ಒಂದು ಚಿತ್ರಕ್ಕೆ ಹಲವನ್ನು ತೆಗೆದು ಒಂದುಗೂಡಿಸುವುದು, ಕತ್ತಲೆಯಿದ್ದೆಡೆಯನ್ನು ಬೆಳಗಿಸುವುದು, ಉರುಟಾಗಿ ಕಂಡುದನ್ನು ನುಣುಪು ಮಾಡುವುದು. ಮುಖಕ್ಕೆ ಇದು ಅಂದವಾಗಬಹುದು, ಶಾಸನಕ್ಕೆ ಆಗದು. ಮೇಲಾಗಿ ವಾಟ್ಸಾಪು ಚಿತ್ರವನ್ನು ಕುಗ್ಗಿಸಿ ಕಳುಹಿಸುವುದರಿಂದ ಉಳಿದಿದ್ದ ಸೂಕ್ಷ್ಮವೂ ನಷ್ಟವಾಗುವುದು.

ನಮಗೆ ತರ್ಕಶಾಸ್ತ್ರದ ಪಾಠ ನೆನಪಿಗೆ ಬಂತು. ಪ್ರತ್ಯಕ್ಷವೇ ಬೇರೆ, ಅನುಮಾನವೇ ಬೇರೆ. ಫೋನು ತಾನು ಕಂಡುದನ್ನು ಕೊಡದೆ, ನಮಗೆ ಏನು ಹಿಡಿಸೀತೆಂದು ಅನುಮಾನಿಸಿ ಅದನ್ನು ಕೊಟ್ಟಿತ್ತು. ಇನ್ನೂ ಒಂದು ಸಂಗತಿ. ಕೊರೆದ ಅಕ್ಷರಕ್ಕೆ ಮಸಿಯಿಲ್ಲ. ತಗ್ಗಿನಲ್ಲಿ ಬಿದ್ದ ನೆರಳೇ ಅದರ ಮಸಿ. ನೆರಳನ್ನು ದೋಷವೆಂದು ಒರೆಸಿದ ಮೇಲೆ ಅಕ್ಷರವು ಉಳಿಯುವುದೆಂತು? ಸಂಸ್ಕೃತದಲ್ಲಿ ‘ಛಾಯಾ’ ಎಂಬ ಮಾತಿಗೆ ನೆರಳೆಂದೂ ಕಾಂತಿಯೆಂದೂ ಎರಡರ್ಥಗಳುಂಟು. ಛಾಯಾಚಿತ್ರವೆಂದು ಹೆಸರಿಟ್ಟವರು ಸರಿಯಾಗಿಯೇ ಇಟ್ಟರು; ನೆರಳನ್ನು ಕಾಯಲು ಮರೆತವರು ನಾವು.

ಎಂಟು ದಿನ ಮಗಳ ಬಳಿ ವಿದ್ಯಾರ್ಥಿಯಾಗಿ ಕುಳಿತೆವು. ನಮ್ಮ ಫೋನಿನಲ್ಲಿ ‘ಪ್ರೊ’ ಎಂಬುದೊಂದು ಕ್ರಮವಿದೆ. ಅದನ್ನು ಒತ್ತಿದರೆ ಬೇಕಾದ ತಿರುಗುಗಳು ನಮ್ಮ ಕೈಗೆ ಬರುವುವು. ಮುಖ್ಯವಾದುವು ಮೂರು. ಮೊದಲನೆಯದು ಷಟರ್, ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದು. ಎರಡನೆಯದು ಐ.ಎಸ್.ಓ., ಅಂದರೆ ಬೆಳಕಿಗೆ ಕ್ಯಾಮರಾ ತೋರುವ ಸೂಕ್ಷ್ಮತೆ. ಇದನ್ನು ಏರಿಸಿದಷ್ಟೂ ಚಿತ್ರದಲ್ಲಿ ರವೆಯಂಥ ಚುಕ್ಕೆಗಳು ಹೆಚ್ಚುವುವು. ಮೂರನೆಯದು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದ. ಇದನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುವರು. ಹಗಲ ಬಿಸಿಲಿಗೆ ಸುಮಾರು ೫೫೦೦, ಹಳೆಯ ಬಲ್ಬಿನ ಬೆಳಕಿಗೆ ೩೦೦೦ದ ಆಸುಪಾಸು, ನೆರಳಿಗೆ ೭೦೦೦ದಷ್ಟು. ‘ಪ್ರೊ’ ಇಲ್ಲದ ಫೋನಿನವರು ಖಿನ್ನರಾಗಬೇಕಾದುದಿಲ್ಲ. ಬಹುಪಾಲು ಫೋನುಗಳಲ್ಲಿ ನೋಡಬೇಕಾದ ವಸ್ತುವಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ನೋಟವೂ ಬೆಳಕೂ ಅಲ್ಲಿಯೇ ನಿಲ್ಲುವುವು. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆಳೆದರೆ ನೆರಳು ಗಾಢವಾಗುವುದು.

ಎರಡನೆಯ ಸಲ ಬೆಳಗಿನ ರೈಲಿಗೇ ಹೊರಟೆವು. ಮಗಳೂ ಜೊತೆಗೆ ಬಂದಳು. ದೇವಾಲಯವು ಪೂರ್ವಾಭಿಮುಖವಾದುದರಿಂದ ಮಾಘದ ಎಳೆಬಿಸಿಲು ದಕ್ಷಿಣದ ಗೋಡೆಯನ್ನು ಓರೆಯಾಗಿ ಸವರುತ್ತಿತ್ತು. ಆ ಕಡೆ ಎಪ್ಪತ್ತು ಫಲಕಗಳಲ್ಲಿ ರಾಮಾಯಣವಿದೆ. ಕಥೆಯು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುವುದು ವಿಶೇಷ. ಉತ್ತರದ ಗೋಡೆಯಲ್ಲಿ ಇಪ್ಪತ್ತೈದು ಫಲಕ ಕೃಷ್ಣಕಥೆ, ನಲವತ್ತೈದು ಫಲಕ ಭಾರತ. ಮಧ್ಯಾಹ್ನ ಚಪ್ಪಟೆಯಾಗಿ ಕಂಡಿದ್ದ ವಾನರರು ಈಗ ಮೈ ತುಂಬಿಕೊಂಡು ನಿಂತಿದ್ದರು. ಬೆಳಕನ್ನು ಒಂದಿಷ್ಟು ತಗ್ಗಿಸಿ, ಬಣ್ಣದ ಹದವನ್ನು ಬಿಸಿಲಿಗೆ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಕಲ್ಲು ತನ್ನ ಬೂದುಹಸುರಿನಲ್ಲಿಯೇ ಬಂತು.

ಅನಂತರ ಶಾಸನ. ನೆರಳನ್ನು ಅಳಿಸುವ ಎಚ್.ಡಿ.ಆರ್. ಎಂಬ ಏರ್ಪಾಡನ್ನು ಮುಚ್ಚಿದೆವು. ಫ್ಲಾಷನ್ನೂ ಮುಚ್ಚಿದೆವು, ಏಕೆಂದರೆ ಎದುರಿನ ಬೆಳಕು ನೆರಳಿಗೆ ಶತ್ರು. ಪರದೆಯ ಮೇಲೆ ಚೌಕದ ಗೆರೆಗಳನ್ನು ತರಿಸಿಕೊಂಡು ಫೋನನ್ನು ಕಲ್ಲಿಗೆ ಸಮನಾಗಿ ಹಿಡಿದೆವು. ಐ.ಎಸ್.ಓ. ೧೦೦. ಮಗಳು ತನ್ನ ಫೋನಿನ ಟಾರ್ಚನ್ನು ಬಲಗಡೆಯಿಂದ, ಕಲ್ಲಿನ ಮೈಗೆ ಹತ್ತಿಯೂ ಹತ್ತದಂತೆ ಓರೆಯಾಗಿ ಹಿಡಿದಳು. ಕೂಡಲೇ ಅಕ್ಷರಗಳು ನೀರಿನಿಂದ ಮೀನು ಎದ್ದಂತೆ ಎದ್ದುವು! ದೂರದಿಂದ ಜೂಮ್ ಮಾಡಿದರೆ ಚಿತ್ರ ಕೆಡುವುದರಿಂದ ಹತ್ತಿರವೇ ನಿಂತು, ಒಂದು ಭಾಗದ ಅಂಚು ಇನ್ನೊಂದರಲ್ಲಿ ಸೇರುವಂತೆ ತುಂಡುತುಂಡಾಗಿ ತೆಗೆದೆವು. ಅಕ್ಷರ ಕಾಣಲೆಂದು ಕೆಲವರು ಕಲ್ಲಿಗೆ ಸೀಮೆಸುಣ್ಣವನ್ನೋ ಎಣ್ಣೆಯನ್ನೋ ಬಳಿಯುವುದುಂಟು. ಅದು ಎಂದಿಗೂ ಕೂಡದು. ಓರೆಬೆಳಕೇ ಸಾಕು, ಅದರಿಂದ ಕಲ್ಲಿಗೆ ಕಿಂಚಿತ್ತೂ ಹಾನಿಯಿಲ್ಲ.

ಮಂಟಪದ ಒಳಗಿನ ಭುವನೇಶ್ವರಿಗಳನ್ನು ಬಿಡುವುದುಂಟೆ? ಹೆಸರಾಂತ ರೂವಾರಿ ಮಲ್ಲಿತಮ್ಮನ ಉಳಿಯು ಮೊದಲು ಮಾತನಾಡಿದುದು ಇಲ್ಲಿಯೇ ಎಂದು ಬಲ್ಲವರು ಹೇಳುವರು. ಒಳಗೆ ಮಬ್ಬು, ಕೈ ನಡುಗುವ ವಯಸ್ಸು ನಮ್ಮದು. ಅರ್ಚಕರ ಅಪ್ಪಣೆ ಪಡೆದು ಉತ್ತರೀಯವನ್ನು ನೆಲಕ್ಕೆ ಹಾಸಿ, ಫೋನನ್ನು ಅದರ ಮೇಲೆ ಮಗುಚಿಟ್ಟೆವು. ಹಿಂದಿನ ಕಣ್ಣು ಮೇಲಕ್ಕೆ. ಷಟರಿಗೆ ಅರ್ಧ ಸೆಕೆಂಡು, ಹತ್ತು ಸೆಕೆಂಡಿನ ಟೈಮರು. ಯಾರೂ ಮುಟ್ಟದೆ ಅದು ತಾನೇ ಮೇಲೆ ನೋಡಿ ಕಮಲದ ಎಸಳೆಸಳನ್ನೂ ಕಂಡಿತು.

ಹಿಂತಿರುಗುವಾಗ ಈಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ದಾರಿ ಹಿಡಿದೆವು. ಅಮೃತಮಹಲ್ ತಳಿಯನ್ನು ಕಾಪಾಡುವ ಕೇಂದ್ರವು ಅಲ್ಲಿದೆ. ಹಿಂದೆ ಮೈಸೂರಿನ ದಂಡಿನ ಫಿರಂಗಿಗಳನ್ನು ಎಳೆದ ಎತ್ತುಗಳ ಸಂತತಿ. ಬೂದುಬಣ್ಣ, ಹಿಂದಕ್ಕೆ ಬಾಗಿದ ನೀಳ ಕೊಂಬು. ಸಂಜೆಯ ಧೂಳಿನಲ್ಲಿ ಒಂದು ಹಿಂಡು ರಸ್ತೆ ದಾಟುತ್ತಿತ್ತು. ಷಟರನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಳಿಸಿದೆವು. ಎತ್ತಿದ ಗೊರಸು ಎತ್ತಿದಂತೆಯೇ ನಿಂತಿತು. ಕಲ್ಲಿಗೆ ತಾಳ್ಮೆ, ದನಕ್ಕೆ ಚುರುಕು: ಯಾವುದಕ್ಕೆ ಯಾವುದೆಂದು ನಿಶ್ಚಯಿಸುವ ಹೊಣೆ ನೋಡುವವನದು, ಯಂತ್ರದ್ದಲ್ಲ.

ರಾತ್ರಿ ಅಜ್ಜಂಪುರದಿಂದ ರೈಲಿನಲ್ಲಿ ಕಡೂರಿಗೆ ಬಂದೆವು. ಈ ಸಲ ಚಿತ್ರಗಳನ್ನು ‘ಡಾಕ್ಯುಮೆಂಟ್’ ಎಂಬ ದಾರಿಯಿಂದ ಕಳುಹಿಸಿದೆವು; ಹಾಗೆ ಕಳುಹಿಸಿದರೆ ಅವು ಕುಗ್ಗುವುದಿಲ್ಲ. ಬೆಳಿಗ್ಗೆ ಹೋದಾಗ ಪಂಡಿತರು ದಿಂಬಿಗೆ ಒರಗಿ, ಮೊಮ್ಮಗನ ದೊಡ್ಡ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಗಟ್ಟಿಯಾಗಿ ಓದುತ್ತಿದ್ದರು. ಬಾಗಿಲಲ್ಲಿ ನಮ್ಮನ್ನು ಕಂಡರೂ ನಿಲ್ಲಿಸಲಿಲ್ಲ. ನಾವು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಕುಳಿತೆವು. ಒಂದೆಡೆಯಲ್ಲಿ ಅವರ ಬೆರಳು ತಡೆಯಿತು, ಹಿಂದಕ್ಕೆ ಬಂದಿತು, ಮತ್ತೆ ತಡೆಯಿತು.

“ಮೇಷ್ಟ್ರೇ, ಇಲ್ಲಿ ಬೆಳಕು ಬಲಗಡೆಯಿಂದ ಬಿದ್ದಿದೆ. ಒಂದು ದೀರ್ಘವಿದೆಯೋ ಇಲ್ಲವೋ ತಿಳಿಯದು. ಎಡಗಡೆಯಿಂದ ಬೆಳಕು ಕೊಟ್ಟು ಇದೊಂದು ಸಾಲನ್ನು ಇನ್ನೊಮ್ಮೆ ತೆಗೆದುಕೊಂಡು ಬರುವಿರಾ? ಅಲ್ಲಿಯವರೆಗೆ ಮುಂದೆ ಓದುವುದಿಲ್ಲ” ಎಂದರು.

ಬರುವ ಗುರುವಾರ ಮೂರನೆಯ ಸಲ ಅಮೃತಾಪುರಕ್ಕೆ ಹೊರಟಿದ್ದೇವೆ.