ತಡೆದು ನಿಂತ ಪರದೆ

ಕಳೆದ ಬೇಸಿಗೆಯ ರಜೆಯಲ್ಲಿ ಮನೆಯ ಪುಸ್ತಕಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ, ಬೀರುವಿನ ಕೆಳಗಿನ ಅರೆಯಲ್ಲಿ ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟ ಕ್ಯಾಮೆರಾ ಕೈಗೆ ಸಿಕ್ಕಿತು. ಪೆಂಟಾಕ್ಸ್ ಕೆ-1000. 1976ರಲ್ಲಿ ಮಾರುಕಟ್ಟೆಗೆ ಬಂದು, ಎರಡು ದಶಕಗಳಷ್ಟು ಕಾಲ ತಯಾರಾದ ಮಾದರಿ ಇದು. ಇದರಲ್ಲಿ ಬೆಳಕನ್ನು ಅಳೆಯುವ ಮುಳ್ಳಿಗೆ ಮಾತ್ರ ಬ್ಯಾಟರಿ ಬೇಕು. ಉಳಿದುದೆಲ್ಲ ಹಲ್ಲುಚಕ್ರ, ಸ್ಪ್ರಿಂಗು, ಸನ್ನೆಗಳ ಕೆಲಸ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಎರಡನೆಯ ಕೈಯಲ್ಲಿ ಕೊಂಡಿದ್ದೆ. ಮಲೆನಾಡಿನ ಅಂಚಿನ ಎಷ್ಟೋ ಊರುಗಳ ಶಾಸನಗಳನ್ನು, ವೀರಗಲ್ಲುಗಳನ್ನು ಅದರ ಕಣ್ಣಿನಿಂದ ನೋಡಿದ್ದೇನೆ. 1999ರ ಒಂದು ಮಧ್ಯಾಹ್ನ ಅದು ಕೆಟ್ಟು ನಿಂತಿತು. ಅಂದಿನಿಂದ ಅದನ್ನು ಮುಟ್ಟಿರಲಿಲ್ಲ.

ಮುಟ್ಟದಿರುವುದಕ್ಕೆ ಕಾರಣವಿತ್ತು. ಆ ಮಧ್ಯಾಹ್ನ ನಾನು ಮತ್ತು ನನ್ನ ಗುರುಗಳು ಒಂದು ಕೆರೆಯ ಏರಿಯ ಮೇಲೆ ಅರೆ ಹೂತಿದ್ದ ವೀರಗಲ್ಲಿನ ಮುಂದೆ ಕುಳಿತಿದ್ದೆವು. ತುರುಗಳನ್ನು ಬಿಡಿಸಿ ಸತ್ತ ಒಬ್ಬನ ಕಲ್ಲು ಅದು. ಅವನ ಹೆಸರಿನ ಕೊನೆಯ ಅಕ್ಷರ ಮೊದಲ ಸಾಲಿನ ಕೊನೆಯಲ್ಲಿ ಸವೆದುಹೋಗಿತ್ತು. ನಾನು ಅದನ್ನು 'ವ' ಎಂದು ಓದಿದೆ. ಗುರುಗಳು 'ಮ' ಎಂದರು. ಹಳೆಯ ಲಿಪಿಯನ್ನು ಓದಿದವರಿಗೆ ಈ ಎರಡು ಅಕ್ಷರಗಳು ಸವೆದಾಗ ಎಷ್ಟು ಹತ್ತಿರ ಬರುತ್ತವೆಂಬುದು ತಿಳಿದಿದೆ. ಪಡಿಯಚ್ಚು ತೆಗೆಯುವ ಕಾಗದ ಅಂದು ನಮ್ಮಲ್ಲಿ ಮುಗಿದಿತ್ತು. ಅಕ್ಷರಗಳಿಗೆ ಸೀಮೆಸುಣ್ಣ ತುಂಬೋಣವೇ ಎಂದು ಕೇಳಿದೆ. ಗುರುಗಳು ಒಪ್ಪಲಿಲ್ಲ. ಸುಣ್ಣ ತುಂಬಿದರೆ ಕಾಣುವುದು ಕಲ್ಲಿನ ಪಾಠವಲ್ಲ, ತುಂಬಿದವನ ಪಾಠ ಎಂಬುದು ಅವರ ನಿಲುವು. ತಮ್ಮ ಕೊಡೆಯನ್ನು ಬಿಚ್ಚಿ, ಬಿಸಿಲು ಪಕ್ಕದಿಂದ ಮಾತ್ರ ಓರೆಯಾಗಿ ಬೀಳುವಂತೆ ಹಿಡಿದು ನಿಂತು, "ಚಿತ್ರ ಬರಲಿ ತಡೆಯಪ್ಪ, ಆಮೇಲೆ ನಿರ್ಧರಿಸೋಣ" ಎಂದರು. ದೂರದಿಂದ ಒಂದು ಚಿತ್ರ ತೆಗೆದೆ. ಹತ್ತಿರ ಹೋಗಿ ಇನ್ನೊಂದಕ್ಕೆ ಗುಂಡಿ ಒತ್ತಿದೆ. ಒಳಗಿನ ಕನ್ನಡಿ ಮೇಲೆದ್ದದ್ದು ಇಳಿಯಲೇ ಇಲ್ಲ. ಸುರುಳಿ ಮುಂದೂಡುವ ಸನ್ನೆ ಅಲುಗಲಿಲ್ಲ. ಬಿಸಿಲಿನಲ್ಲಿಯೇ ಸ್ವಲ್ಪ ಹೊತ್ತು ಅದರೊಡನೆ ಹೆಣಗಾಡಿ, ಕೊನೆಗೆ ಮಸೂರದ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದೆ.

ಮತ್ತೆ ಹೋಗಿ ಪಡಿಯಚ್ಚು ತೆಗೆಯಬೇಕೆಂದುಕೊಂಡಿದ್ದೆವು. ಮರುವರ್ಷ ಗುರುಗಳು ತೀರಿಕೊಂಡರು. ಆಮೇಲೆ ಕೆಲವೇ ವರ್ಷಗಳಲ್ಲಿ ಏರಿಯನ್ನು ಬಲಪಡಿಸುವ ಕೆಲಸ ನಡೆದಾಗ ಆ ಕಲ್ಲು ಮಣ್ಣು ಗುಂಡುಗಳ ಜೊತೆ ಎಲ್ಲಿಗೋ ಸೇರಿತು. ನಾನು ಬರೆದ ಲೇಖನದಲ್ಲಿ ಮಾತ್ರ ಆ ವೀರನ ಹೆಸರು 'ವ'ಕಾರದಿಂದ, ಯಾವ ಸಂದೇಹದ ಗುರುತೂ ಇಲ್ಲದೆ ಅಚ್ಚಾಯಿತು. ಗುರುಗಳ ಪಾಠವನ್ನು ಅಡಿಟಿಪ್ಪಣಿಯಲ್ಲಿಯೂ ಕೊಡಲಿಲ್ಲ. ಚಿಕ್ಕ ವಯಸ್ಸಿನ ವಿಶ್ವಾಸ ಎಂದು ಅದನ್ನು ಕ್ಷಮಿಸಿಕೊಳ್ಳಬಹುದಿತ್ತು. ಆದರೆ ಅದೇ ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಮುಚ್ಚಿಡಬಾರದೆಂದು ಬೋಧಿಸುತ್ತ ಬಂದಿದ್ದೇನೆ. ಪಂಚೆಯ ಗಂಟು ಬಿಚ್ಚದೆ ಉಳಿದದ್ದಕ್ಕೆ ಕ್ಯಾಮೆರಾ ಕೆಟ್ಟದ್ದೊಂದೇ ಕಾರಣವಲ್ಲ.

ಈ ಸಲ ಬಿಚ್ಚಿದೆ. ದುರಸ್ತಿ ಮಾಡುವವರು ನಮ್ಮ ಊರಿನಲ್ಲಿ ಈಗ ಯಾರೂ ಇಲ್ಲ. "ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ ಅಂದ್ರೆ, ಸರಿಹೋಗುತ್ತೆ" ಎಂದಳು ಮಡದಿ. ಹೊಲಿಗೆ ಯಂತ್ರಕ್ಕೆ ಆ ಮದ್ದು ನಡೆದೀತು. ಕ್ಯಾಮೆರಾದ ಒಳಗೆ ಎಣ್ಣೆ ಹರಿದರೆ ಷಟರಿನ ಪರದೆಗೂ ಮಸೂರದ ಎಲೆಗಳಿಗೂ ತಗಲಿ ಎಲ್ಲವನ್ನೂ ಅಂಟಿಸುತ್ತದೆ. ಮೊದಲ ಕೆಲಸ ದುರಸ್ತಿಯೂ ಅಲ್ಲ; ಒಳಗಿದ್ದ ಸುರುಳಿಯನ್ನು ಉಳಿಸಿಕೊಳ್ಳುವುದು. ರಾತ್ರಿ ದೀಪವಾರಿಸಿ, ಮುಚ್ಚಳ ತೆಗೆಯದೆ, ಅಡಿಯ ಚಿಕ್ಕ ಗುಂಡಿಯನ್ನು ಒತ್ತಿ ಎಡಗಡೆಯ ಹಿಡಿಯನ್ನು ಮೆಲ್ಲಗೆ ಸುತ್ತಿದೆ. ಷಟರ್ ಕಚ್ಚಿಕೊಂಡಿದ್ದರೂ ಸುರುಳಿ ಹಿಂದಕ್ಕೆ ಸುತ್ತಿಕೊಳ್ಳಲು ಅದು ಅಡ್ಡಿಯಲ್ಲವೆಂಬುದು ಅಂದೇ ಗೊತ್ತಿದ್ದರೆ ಈ ಪ್ರಬಂಧಕ್ಕೆ ಅವಕಾಶವಿರುತ್ತಿರಲಿಲ್ಲ. ಹಿಂಬಾಗಿಲು ತೆರೆದರೆ ಚಿತ್ರಗಳೆಲ್ಲ ಹೋದಾವೆಂಬ ಭಯವನ್ನೇ ಇಷ್ಟು ವರ್ಷ ನೆಪ ಮಾಡಿಕೊಂಡಿದ್ದೆ.

ಮರುದಿನ ಬಿಳಿಯ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ ಕುಳಿತೆ. ಜಪಾನಿನ ಹಳೆಯ ಕ್ಯಾಮೆರಾಗಳ ತಿರುಪುಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ನಕ್ಷತ್ರಮೊನೆಯ ಸ್ಕ್ರೂಡ್ರೈವರ್ ಸರಿಯಾಗಿ ಕೂರುವುದಿಲ್ಲ. ಬಲವಂತ ಮಾಡಿದರೆ ತಿರುಪಿನ ತಲೆಯ ಗೀರು ಸವೆದುಹೋಗುತ್ತದೆ. ಅದಕ್ಕೆ ಹೊಂದುವುದನ್ನೇ ತರಿಸಿಕೊಂಡಿದ್ದೆ. ತೆಗೆದ ಒಂದೊಂದು ತಿರುಪನ್ನೂ ತೆಗೆದ ಕ್ರಮದಲ್ಲೇ ಇಟ್ಟು, ಪಕ್ಕದ ಕಾಗದದಲ್ಲಿ ಅದರ ಸ್ಥಳವನ್ನು ಗುರುತಿಸಿದೆ. ದಾರ ಹರಿದ ಓಲೆಗರಿಯ ಕಟ್ಟನ್ನು ಬಿಚ್ಚುವಾಗ ಮಾಡುವುದೂ ಇದನ್ನೇ. ಗರಿಗಳ ಕ್ರಮ ಒಮ್ಮೆ ತಪ್ಪಿದರೆ ಕವಿ ಬರೆಯದ ಕಾವ್ಯವೊಂದು ಹುಟ್ಟುತ್ತದೆ.

ಅಡಿತಗಡು ಕಳಚಿದಾಗ ಮೊದಲು ಕಂಡದ್ದು ನನ್ನದೇ ಅಲಕ್ಷ್ಯ: ತೆಗೆಯದೆ ಬಿಟ್ಟ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಒರಸಿ ಒಳಗೆ ನೋಡಿದೆ. ಈ ಯಂತ್ರದ ವ್ಯಾಕರಣ ಸರಳವಾದುದು. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ. ಮೊದಲನೆಯ ಬಟ್ಟೆಯ ಪರದೆ ಓಡಿ ಬೆಳಕಿಗೆ ದಾರಿ ಬಿಡುತ್ತದೆ. ಎರಡನೆಯ ಪರದೆ ಅದನ್ನು ಹಿಂಬಾಲಿಸಿ ದಾರಿ ಮುಚ್ಚುತ್ತದೆ. ಈ ಎರಡನೆಯ ಪರದೆ ಕೊನೆಯವರೆಗೆ ಓಡಿ ಮುಟ್ಟಿದಾಗಲೇ ಒಂದು ಪುಟ್ಟ ಸನ್ನೆ ಕಳಚಿ ಕನ್ನಡಿ ಕೆಳಗಿಳಿಯುತ್ತದೆ. ನನ್ನ ಕ್ಯಾಮೆರಾದಲ್ಲಿ ಒಣಗಿ ಮೇಣವಾಗಿದ್ದ ಜಿಡ್ಡಿನಿಂದಾಗಿ ಎರಡನೆಯ ಪರದೆ ಗುರಿಗೆ ಕೂದಲೆಳೆಯಷ್ಟು ಮೊದಲೇ ನಿಂತಿತ್ತು. ಕ್ರಿಯಾಪದವಿಲ್ಲದೆ ನಿಂತುಬಿಟ್ಟ ವಾಕ್ಯದಂತೆ, ಉಳಿದ ಅಂಗಗಳೆಲ್ಲ ಅದರ ಮುಕ್ತಾಯಕ್ಕಾಗಿ ಕಾಯುತ್ತಿದ್ದವು.

ಹಲ್ಲುಕಡ್ಡಿಯ ತುದಿಯಿಂದ ಆ ಸನ್ನೆಯನ್ನು ತಳ್ಳಿದೆ. ಟಪ್ ಎಂದು ಕನ್ನಡಿ ಇಳಿಯಿತು. ಸಂತೋಷಪಟ್ಟೆನಾದರೂ ಅದು ಲಕ್ಷಣದ ಶಮನವೇ ಹೊರತು ರೋಗದ ಪರಿಹಾರವಲ್ಲ. ಇನ್ನೆರಡು ಸಲ ಒತ್ತುವಷ್ಟರಲ್ಲಿ ಮತ್ತೆ ಕಚ್ಚಿಕೊಂಡಿತು. ಸ್ಪ್ರಿಂಗನ್ನು ಬಿಗಿಗೊಳಿಸಿದರೆ ಪರದೆ ರಭಸದಿಂದ ಓಡೀತು ಎಂಬ ಆಸೆ ಬರುತ್ತದೆ. ಕ್ಲಿಷ್ಟವಾದ ಪಾಠವನ್ನು ಅರ್ಥ ಮಾಡಿಕೊಳ್ಳುವ ಮೊದಲೇ ತಿದ್ದುವ ಆಸೆಯೂ ಇದೇ ಜಾತಿಯದು. ಹಾಗೆ ಮಾಡಲಿಲ್ಲ. ಪರದೆಯ ಉರುಳೆಗಳ ಕೀಲುಗಳಿಗೆ ಲೈಟರಿನ ದ್ರವವನ್ನು ಸೂಜಿಯ ಮೊನೆಯಿಂದ ತೊಟ್ಟು ತೊಟ್ಟಾಗಿ ತಾಗಿಸಿ, ಕರಗಿದ ಕೊಳೆಯನ್ನು ಹೀರಿ, ಮತ್ತೆ ತಾಗಿಸಿದೆ. ಒಣಗಿದ ಮೇಲೆ ಗಡಿಯಾರದ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸೋಕಿಸಿದೆ. ಕನ್ನಡಿಯ ಮೇಲಂಚಿನಲ್ಲಿ ಬೆಲ್ಲದ ಪಾಕದಂತಾಗಿದ್ದ ಸ್ಪಂಜಿನ ಪಟ್ಟಿಯನ್ನು ಕೆರೆದು ಹೊಸದನ್ನು ಅಂಟಿಸಿದೆ. ಕನ್ನಡಿಯನ್ನು ಮಾತ್ರ ಒರಸಲಿಲ್ಲ. ಅದರ ಲೇಪ ಗಾಜಿನ ಮುಂಬದಿಯಲ್ಲಿಯೇ ಇರುವುದರಿಂದ ಬಟ್ಟೆ ಸೋಕಿದರೂ ಗೀರು ಬೀಳುತ್ತದೆ. ಮೂರನೆಯ ದಿನ ಸಂಜೆ ಒಂದೇ ಸಮನೆ ನೂರು ಸಲ ಗುಂಡಿ ಒತ್ತಿದೆ. ಒಮ್ಮೆಯೂ ನಿಲ್ಲಲಿಲ್ಲ. ಸೆಕೆಂಡಿನ 1000ನೆಯ ಒಂದು ಭಾಗದ ವೇಗ ಇನ್ನೂ ನಂಬುವಂತಿಲ್ಲ; ಅದನ್ನು ಬಳಸದಿದ್ದರಾಯಿತು.

ಉದಕಮಂಡಲದಲ್ಲಿ ತಯಾರಾಗುತ್ತಿದ್ದ 'ಇಂದು' ಕಪ್ಪುಬಿಳುಪು ಸುರುಳಿ ಅದು. ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು ತಮ್ಮ ಹಳೆಯ ತೊಟ್ಟಿಯನ್ನು ಹೊರತೆಗೆದು, ಡಿ-76 ದ್ರಾವಣ ಕಲಸಿ, ತಮ್ಮ ಬಚ್ಚಲುಮನೆಯಲ್ಲಿಯೇ ತೊಳೆದುಕೊಟ್ಟರು. ಕಾಲು ಶತಮಾನದ ಮಂಕು ಎಲ್ಲ ಚಿತ್ರಗಳ ಮೇಲೂ ಕವಿದಿತ್ತು. ಆದರೂ ಕೆರೆ ಇತ್ತು, ಏರಿ ಇತ್ತು, ಕೊಡೆ ಹಿಡಿದು ಬಾಗಿ ನಿಂತ ಗುರುಗಳಿದ್ದರು. ದೂರದ ಆ ಚಿತ್ರದಲ್ಲಿ ಅಕ್ಷರಗಳು ತೀರ ಸಣ್ಣವು.

ಹತ್ತಿರದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಕ್ಷರಗಳು ಒಂದೊಂದೂ ನೆರಳಿನ ಅಂಚು ಹೊತ್ತು ನಿಂತಿದ್ದವು. ಆದರೆ ಬಲಗಡೆಯ ತುದಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಪಟ್ಟಿ. ಪ್ರತಿಯಲ್ಲಿ ಅದು ಬರಿಯ ಬಿಳುಪಾಗಿ ಬಂದಿತು. ಎರಡನೆಯ ಪರದೆ ನಿಂತುಬಿಟ್ಟ ಕಿಂಡಿಯಿಂದ, ನಾನು ಬಿಸಿಲಿನಲ್ಲಿ ಹೆಣಗಾಡಿದಷ್ಟು ಹೊತ್ತೂ ನುಗ್ಗಿದ ಬೆಳಕು ಅದು. ಸಾಲುಗಳ ಕೊನೆಯ ಅಕ್ಷರಗಳೆಲ್ಲ ಅದರಲ್ಲಿ ಮುಳುಗಿದ್ದವು. 'ವ'ವೂ ಇಲ್ಲ, 'ಮ'ವೂ ಇಲ್ಲ. ಮೂರು ದಿನ ಕುಳಿತು ನಾನು ಸರಿಪಡಿಸಿದ ದೋಷವೇ ನಾನು ಹುಡುಕುತ್ತಿದ್ದ ಅಕ್ಷರವನ್ನು ತಿಂದುಹಾಕಿತ್ತು. ಗ್ರಂಥಪಾತದ ಕಾರಣವನ್ನು ಇಷ್ಟು ಖಚಿತವಾಗಿ ಕಣ್ಣಾರೆ ಕಾಣುವ ಅವಕಾಶ ಸಂಪಾದಕನಿಗೆ ವಿರಳವಾಗಿ ದೊರೆಯುತ್ತದೆ. ಕಾರಣ ತಿಳಿದ ಮಾತ್ರಕ್ಕೆ ಪಾಠ ಮರಳಿ ಬರುವುದಿಲ್ಲ.

ನನ್ನ ಲೇಖನಗಳ ಸಂಕಲನವೊಂದು ಅಚ್ಚಿಗೆ ಸಿದ್ಧವಾಗುತ್ತಿದೆ. ಅದರಲ್ಲಿ ಆ ಹೆಸರಿನ ಕೊನೆಯ ಅಕ್ಷರವನ್ನು ಚೌಕ ಕಂಸದೊಳಗೆ ಇಟ್ಟಿದ್ದೇನೆ. ಅಡಿಟಿಪ್ಪಣಿಯಲ್ಲಿ ಗುರುಗಳ ಪಾಠವನ್ನು ಅವರ ಹೆಸರಿನೊಡನೆ ಕೊಟ್ಟಿದ್ದೇನೆ. ಅದು ಇಪ್ಪತ್ತೈದು ವರ್ಷ ತಡವಾಗಿ ಬಂದಿತೆಂಬುದನ್ನೂ ಬರೆದಿದ್ದೇನೆ. ದನಗಳನ್ನು ಬಿಡಿಸಿ ಸತ್ತವನಿಗೆ ಲೋಕದಲ್ಲಿ ಉಳಿದಿದ್ದದ್ದು ಹೆಸರೊಂದೇ. ಅದರ ಒಂದು ಅಕ್ಷರವನ್ನು ನಾನು ನನ್ನ ಇಚ್ಛೆಯಂತೆ ತುಂಬಿಬಿಟ್ಟಿದ್ದೆ, ಸೀಮೆಸುಣ್ಣವಿಲ್ಲದೆಯೇ.

ಕ್ಯಾಮೆರಾ ಈಗ ಮೇಜಿನ ಮೇಲಿದೆ. ಹೊಸ ಸುರುಳಿ ಹಾಕಿದ್ದೇನೆ. ಮುಂದಿನ ಭಾನುವಾರ ಇಬ್ಬರು ವಿದ್ಯಾರ್ಥಿಗಳೊಡನೆ ಆ ಕೆರೆಯ ಕಡೆ ಹೋಗಿ, ಕೋಡಿಯ ಬಳಿ ಒಟ್ಟಿರುವ ಕಲ್ಲುಗಳನ್ನು ಒಂದೊಂದಾಗಿ ಮಗುಚಿ ನೋಡಬೇಕೆಂದಿದೆ. ಪಡಿಯಚ್ಚಿನ ಕಾಗದವನ್ನು ಈ ಸಲ ಹೆಚ್ಚಾಗಿಯೇ ಕಟ್ಟಿಟ್ಟಿದ್ದೇನೆ. ಕೊಡೆಯನ್ನೂ.