ಟೆಕ್ಸಾಸ್ ಶಿಕ್ಷಕರ ಪಿಂಚಣಿ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನಿವೃತ್ತ ಶಿಕ್ಷಕರ ಪಿಂಚಣಿ ಬೆಲೆಯೇರಿಕೆಯ ಜೊತೆಗೆ ತಾನಾಗಿ ಏರುವುದಿಲ್ಲ. ತುಟ್ಟಿಭತ್ಯೆಯಂಥ ಏರ್ಪಾಡು ಅಲ್ಲಿಲ್ಲ. ಪ್ರತಿ ಹೆಚ್ಚಳಕ್ಕೂ ಶಾಸನಸಭೆ ಕಾಯ್ದೆ ಮಾಡಬೇಕು. ಪಿಂಚಣಿ ನಿಧಿಯ ಸ್ಥಿತಿ ಗಟ್ಟಿಯಾಗಿದೆ ಎಂದು ಲೆಕ್ಕ ತೋರಿಸದಿದ್ದರೆ ಅದೂ ಆಗದು. ಅಲ್ಲಿನ ಬಹುಪಾಲು ಶಾಲಾ ಜಿಲ್ಲೆಗಳು ಕೇಂದ್ರ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಯೋಜನೆಗೆ ಸೇರಿಲ್ಲ. ಹೀಗಾಗಿ ಅನೇಕ ಶಿಕ್ಷಕರಿಗೆ ಮುಪ್ಪಿನಲ್ಲಿ ಈ ಪಿಂಚಣಿಯೇ ಮುಖ್ಯ ಆಸರೆ.

2013ರ ಹೆಚ್ಚಳದ ನಂತರ ಹತ್ತು ವರ್ಷ ಕಾದ ಮೇಲೆ, 2023ರಲ್ಲಿ ಸೆನೆಟ್ ಮಸೂದೆ 10 ಬಂತು. 2001ರ ಆಗಸ್ಟ್‌ ಕೊನೆಯೊಳಗೆ ನಿವೃತ್ತರಾದವರಿಗೆ ಶೇ 6, ಅಲ್ಲಿಂದ 2013ರ ಆಗಸ್ಟ್‌ವರೆಗಿನವರಿಗೆ ಶೇ 4, ಆಮೇಲೆ 2020ರ ಆಗಸ್ಟ್‌ವರೆಗಿನವರಿಗೆ ಶೇ 2 ಹೆಚ್ಚಳ. ಇದಲ್ಲದೆ 75 ತುಂಬಿದವರಿಗೆ 7,500 ಡಾಲರ್, 70ರಿಂದ 74ರ ವಯಸ್ಸಿನವರಿಗೆ 2,400 ಡಾಲರ್ ಒಂದು ಬಾರಿಯ ನೆರವು. ಬೆಲೆಯೇರಿಕೆಯ ಪೆಟ್ಟನ್ನು ಹೆಚ್ಚು ಕಾಲ ತಿಂದವರಿಗೆ ಹೆಚ್ಚು ಕೊಡುವ ಈ ಕ್ರಮ ನ್ಯಾಯವಾದದ್ದೇ.

ಹೆಚ್ಚಳಕ್ಕೆ ಹಣ ಒದಗಿಸಲು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಬೇಕಾಯಿತು. ಆ ವರ್ಷದ ನವೆಂಬರ್‌ನಲ್ಲಿ ಮತದಾರರು ಭಾರೀ ಬಹುಮತದಿಂದ ಒಪ್ಪಿದರು. 2024ರ ಜನವರಿಯಿಂದ ಹೆಚ್ಚಳ ಕೈಸೇರಿತು. ಆದರೆ ಪ್ರತಿ ವರ್ಷ ತಾನಾಗಿ ಪಿಂಚಣಿ ಏರಿಸುವ ನಿಯಮವನ್ನು ಈ ಕಾಯ್ದೆ ತರಲಿಲ್ಲ. ಅದು ಇದರ ದೊಡ್ಡ ಕೊರತೆ.